ಯೋಧ ಗಡಿಯಲ್ಲಿ, ಬೇಸಾಯ ಮನೆಯಾಕೆಯ ಕೈಯಲ್ಲಿ

ಚಾಮರಾಜನಗರ, ನಂಜನಗೂಡು ಕಡೆಯಿಂದ ಬರುವ ರೈಲು ಮೈಸೂರಿನ ದೊಡ್ಡ ನಿಲ್ದಾಣ ಮುಟ್ಟುವ ಮುಂಚೆ ಚಾಮರಾಜಪುರಂನಲ್ಲಿ ನಿಲ್ಲುತ್ತದೆ. ಕೋರ್ಟು ಕಚೇರಿ ಕೆಲಸದವರು, ಕಾಲೇಜಿನ ಹುಡುಗರು, ಮಕ್ಕಳನ್ನು ಡಾಕ್ಟರಿಗೆ ತೋರಿಸಲು ಬಂದವರು ಇಲ್ಲೇ ಇಳಿದು ನಡೆಯುತ್ತಾರೆ. ಆ ಗುಂಪಿನಲ್ಲಿ ಪಹಣಿ, ಪಾಸ್‌ಬುಕ್ಕು, ಆಧಾರ್ ಕಾರ್ಡುಗಳನ್ನು ಕೈಚೀಲದಲ್ಲಿ ಇಟ್ಟುಕೊಂಡು ಒಂಟಿಯಾಗಿ ಇಳಿಯುವ ಹೆಣ್ಣುಮಗಳೂ ಇರಬಹುದು. ಗಂಡ ಎಲ್ಲಿ ಎಂದು ಕೇಳಿದರೆ ‘ಮಿಲಿಟರಿಯಲ್ಲಿ’ ಎಂಬ ಒಂದೇ ಮಾತಿನ ಉತ್ತರ ಬರುತ್ತದೆ. ಆ ಒಂದು ಮಾತಿನ ಹಿಂದೆ ಒಂದು ಇಡೀ ಸಂಸಾರದ ಮತ್ತು ಒಂದು ಹಿಡುವಳಿಯ ಭಾರವಿದೆ.

ಯೋಧನ ತ್ಯಾಗದ ಬಗ್ಗೆ ನಾವು ಸಾಕಷ್ಟು ಭಾಷಣ ಕೇಳುತ್ತೇವೆ. ಅವನು ಇಲ್ಲದ ಹತ್ತು ತಿಂಗಳಲ್ಲಿ ಒಟ್ಟಲು ಹಾಕಿದವರು ಯಾರು, ಸೊಸೈಟಿಯ ಕಂತು ಕಟ್ಟಿದವರು ಯಾರು, ರಾತ್ರಿ ಪಂಪ್‌ಸೆಟ್ ಚಾಲೂ ಮಾಡಿದವರು ಯಾರು ಎಂಬುದನ್ನು ಯಾರೂ ಕೇಳುವುದಿಲ್ಲ. ಇದು ಹೊಸ ಸಂಗತಿಯೂ ಅಲ್ಲ. 1914ರಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಈಜಿಪ್ಟಿಗೆ ಹೊರಟಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕಾಳಗದಲ್ಲಿ ಪಾಲ್ಗೊಂಡಿತು. ಊರಿಗೆ ಮರಳಿದ್ದು 1920ರಲ್ಲಿ. ಹೆಚ್ಚುಕಡಿಮೆ ಆರು ವರ್ಷ! ಆ ಆರು ಮುಂಗಾರುಗಳಲ್ಲಿ ಸವಾರರ ಮನೆಯ ಹೊಲ ಬೀಳು ಬೀಳದಂತೆ ನೋಡಿಕೊಂಡವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಇಂದು ಫೋನು ಬಂದಿದೆ, ರಜೆಯ ನಿಯಮಗಳು ಬಂದಿವೆ. ಆದರೂ ಒಂದು ಹಳೆಯ ತೊಡಕು ಹಾಗೆಯೇ ಉಳಿದಿದೆ: ಕೆಲಸ ಹೆಂಡತಿಯದು, ರುಜು ಗಂಡನದು.

ಈ ತೊಡಕನ್ನು ಬಿಡಿಸಿಕೊಳ್ಳುವ ಬಗೆ ಹೇಗೆಂದು ನೋಡೋಣ.

ಒಂದು ಮನೆಯ ಲೆಕ್ಕ

ತಿಳಿಯಲು ಸುಲಭವಾಗಲೆಂದು ಒಂದು ಮನೆಯನ್ನು ಕಣ್ಣೆದುರು ಇಟ್ಟುಕೊಳ್ಳೋಣ. ಇದು ಇಂಥವರದೇ ಎಂದಲ್ಲ, ಇಂಥ ಮನೆಗಳು ನಮ್ಮ ಹಳ್ಳಿಗಳಲ್ಲಿ ಅನೇಕ. ತಾಂಡವಪುರದ ಆಸುಪಾಸಿನ ಒಂದು ಊರು. ಎರಡೂವರೆ ಎಕರೆ ಜಮೀನು: ಒಂದು ಎಕರೆ ನೀರಾವರಿ ಗದ್ದೆ, ಉಳಿದದ್ದು ರಾಗಿ, ಹುರುಳಿ ಬೆಳೆಯುವ ಖುಷ್ಕಿ. ಎರಡು ಸೀಮೆ ಹಸು. ವಯಸ್ಸಾದ ಅತ್ತೆ ಮಾವ, ಇಬ್ಬರು ಮಕ್ಕಳು. ಗಂಡ ಜವಾನ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಲಾಗದ ಫೀಲ್ಡ್ ಠಾಣೆಗೆ ಅವನಿಗೆ ವರ್ಗವಾಗಿದೆ. ಒಂದು ಭಾನುವಾರ ಫೋನಿನಲ್ಲಿ ಮಾತು ಹೀಗೆ ನಡೆಯುತ್ತದೆ:

“ಏನ್ರೀ, ಸೊಸೈಟಿ ಸಾಲ ಈ ತಿಂಗಳು ಕಟ್ಟಿ ಹೊಸದು ಮಾಡಿಸ್ಬೇಕಂತೆ. ನಿಮ್ಮ ರುಜು ಇಲ್ದೆ ಆಗಲ್ಲ ಅಂತಾರೆ.”

“ನಾನು ಬರೋದು ಸಂಕ್ರಾಂತಿ ಕಳೆದ ಮೇಲೆ. ಅಪ್ಪನ ಕೈಲಿ ಹಾಕಿಸು.”

“ಪಹಣಿ ಮಾವನ ಹೆಸರಲ್ಲಿಲ್ವಲ್ಲ. ನಿಮ್ಮ ಫೋನಿಗೆ ಏನೋ ನಂಬರ್ ಬರುತ್ತಂತೆ, ಅದನ್ನಾದ್ರೂ ಹೇಳಿ.”

“ಇಲ್ಲಿ ಸಿಗ್ನಲ್ ಸಿಗೋದೇ ವಾರಕ್ಕೊಂದು ಸಲ ಕಣೇ!”

ಇಲ್ಲಿ ಇಬ್ಬರದೂ ತಪ್ಪಿಲ್ಲ. ಅವನು ರಜೆಯಲ್ಲಿ ಬಂದಿದ್ದಾಗ ಮಾಡಬೇಕಾಗಿದ್ದ ಏರ್ಪಾಡು ಆಗಿಲ್ಲ, ಅಷ್ಟೆ. ಸಹಕಾರ ಸಂಘದ ಬೆಳೆ ಸಾಲಕ್ಕೆ ಬಡ್ಡಿ ರಿಯಾಯಿತಿ ಸಿಗುವುದು ಅವಧಿಯೊಳಗೆ ತೀರಿಸಿದವರಿಗೆ ಮಾತ್ರ. ವಾಯಿದೆ ದಾಟಿದರೆ ಸೌಲಭ್ಯ ಹೋಗುತ್ತದೆ, ಸಾಲ ಸುಸ್ತಿಯಾಗುತ್ತದೆ. ಒಂದು ರುಜುವಿನ ಬೆಲೆ ಅಷ್ಟಿದೆ.

ರಜೆಯಲ್ಲಿ ಬಂದಾಗಲೇ ಮಾಡಿಕೊಳ್ಳಬೇಕಾದ ಕೆಲಸ

ಜವಾನನಿಗೆ ವರ್ಷದಲ್ಲಿ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ ಎಂದು ನಿಯಮವಿದೆ. ಬಂದ ದಿನಗಳು ನೆಂಟರ ಮನೆ, ಜಾತ್ರೆ, ಮದುವೆ ಎಂದು ಕಳೆದುಹೋಗುವುದೇ ಹೆಚ್ಚು. ಅದರಲ್ಲಿ ನಾಲ್ಕು ದಿನವನ್ನು ಕಾಗದಪತ್ರಕ್ಕೆಂದೇ ತೆಗೆದಿಡಬೇಕು. ಆ ನಾಲ್ಕು ದಿನಗಳಲ್ಲಿ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಓಡಾಡಬೇಕು. ಗುಮಾಸ್ತರು ಆಕೆಯ ಮುಖ ನೋಡಿರಬೇಕು, ಆಕೆಗೂ ಯಾವ ಕೆಲಸ ಯಾವ ಮೇಜಿನಲ್ಲಿ ಆಗುತ್ತದೆ ಎಂಬುದು ತಿಳಿದಿರಬೇಕು.

ಮೊದಲನೆಯದು ಬ್ಯಾಂಕು. ಸಂಬಳ ಬರುವ ಖಾತೆಯಾಗಲಿ, ಸಂಸಾರಕ್ಕೆ ಹಣ ಕಳಿಸುವ ಬೇರೆ ಖಾತೆಯಾಗಲಿ, ಒಂದಾದರೂ ಜಂಟಿಯಾಗಿರಲಿ. ‘ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು’ ಹಣ ತೆಗೆಯಬಹುದು ಎಂಬ ಷರತ್ತನ್ನು ಅರ್ಜಿಯಲ್ಲಿ ಗುರುತು ಮಾಡಿಸಬೇಕು. ಗಂಡನ ಎ.ಟಿ.ಎಂ. ಕಾರ್ಡನ್ನು ಕೊಟ್ಟುಹೋಗುವುದು ಸಾಲದು. ಕಾರ್ಡು ಕೆಟ್ಟರೆ, ಗುಟ್ಟಿನ ಸಂಖ್ಯೆ ಮರೆತರೆ ಮತ್ತೆ ಅವನೇ ಬರಬೇಕಾಗುತ್ತದೆ.

ಎರಡನೆಯದು ಅಧಿಕಾರ ಪತ್ರ. ಜನ ಜಿ.ಪಿ.ಎ. ಎಂದು ಕರೆಯುವುದು ಇದನ್ನೇ. ಪಹಣಿ ಗಂಡನ ಹೆಸರಿನಲ್ಲಿದ್ದರೆ ಬೆಳೆ ಸಾಲ ಪಡೆಯಲು ಮತ್ತು ತೀರಿಸಲು, ಬೆಳೆ ವಿಮೆಗೆ, ಪರಿಹಾರದ ಅರ್ಜಿಗೆ, ವಿದ್ಯುತ್ ಮತ್ತು ನೀರಾವರಿ ಕಚೇರಿಗಳ ವ್ಯವಹಾರಕ್ಕೆ, ಕೋರ್ಟಿನಲ್ಲಿ ವಕೀಲರನ್ನು ನೇಮಿಸಲು ಹೆಂಡತಿಗೆ ಅಧಿಕಾರ ಕೊಡುವ ಪತ್ರವನ್ನು ವಕೀಲರಿಂದ ಬರೆಸಿ ನೋಟರಿ ಮುಂದೆ ರುಜು ಮಾಡಬೇಕು. ಏನೇನು ಮಾಡಬಹುದು ಎಂಬುದನ್ನು ಒಂದೊಂದಾಗಿ ಬರೆಸುವುದು ಕ್ಷೇಮ. ಜಮೀನು ಮಾರುವ ಅಧಿಕಾರ ಬೇಕಿಲ್ಲದಿದ್ದರೆ ಅದನ್ನು ಬರೆಸಬೇಕಾಗಿಲ್ಲ. ಸೊಸೈಟಿ ಮತ್ತು ಬ್ಯಾಂಕುಗಳಲ್ಲಿ ಆ ಪತ್ರವನ್ನು ಒಪ್ಪುತ್ತಾರೆಯೇ ಎಂದು ಗಂಡ ಊರಿನಲ್ಲಿರುವಾಗಲೇ ತೋರಿಸಿ ಕೇಳಿಬಿಡಬೇಕು. ಬರೆದುಕೊಟ್ಟವನು ತೀರಿಕೊಂಡರೆ ಈ ಪತ್ರಕ್ಕೆ ಬೆಲೆಯಿಲ್ಲ ಎಂಬುದೂ ನೆನಪಿರಲಿ. ಇದು ದಿನಬಳಕೆಯ ಕೀಲಿ, ಆಸ್ತಿಯ ಹಕ್ಕಲ್ಲ.

ಮೂರನೆಯದು ಮೊಬೈಲ್ ನಂಬರು. ಕೃಷಿ ಇಲಾಖೆಯ ‘ಫ್ರೂಟ್ಸ್’ ನೋಂದಣಿ ಇಲ್ಲದೆ ಬೆಂಬಲ ಬೆಲೆಗೆ ರಾಗಿ ಮಾರಲಾಗುವುದಿಲ್ಲ, ರಿಯಾಯಿತಿಯ ಸಲಕರಣೆಯೂ ಸಿಗುವುದಿಲ್ಲ. ಇಂಥ ಕಡೆ ದಾಖಲಾದ ನಂಬರು ಹಿಮದ ನಡುವೆ ಕೂತವನದಾದರೆ ಸಂದೇಶ ಅಲ್ಲಿಗೆ ಹೋಗಿ ಬೀಳುತ್ತದೆ, ಇಲ್ಲಿ ಕೆಲಸ ನಿಲ್ಲುತ್ತದೆ. ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ಮನೆಯಲ್ಲಿರುವವಳ ನಂಬರನ್ನು ಬರೆಸಿ.

ನಾಲ್ಕನೆಯದು ಪಲ್ಟನ್ನಿನ ದಾಖಲೆ. ಮದುವೆ, ಮಗುವಿನ ಜನನ ಇವೆಲ್ಲ ‘ಪಾರ್ಟ್ ಟು ಆರ್ಡರ್’ ಎಂಬ ಆದೇಶದ ಮೂಲಕ ಯೋಧನ ಸೇವಾ ದಾಖಲೆಗೆ ಸೇರಬೇಕು. ಹೆಂಡತಿಯ ಹೆಸರಿನ ಅಕ್ಷರ, ಮಕ್ಕಳ ಹುಟ್ಟಿದ ದಿನ ಇವು ಆಧಾರ್, ಶಾಲೆ, ಬ್ಯಾಂಕು, ಪಲ್ಟನ್ನು ಎಲ್ಲ ಕಡೆಯೂ ಒಂದೇ ತೆರನಾಗಿರಬೇಕು. ಒಂದು ಅಕ್ಷರದ ವ್ಯತ್ಯಾಸ ಮುಂದೆ ಹಲವು ತಿಂಗಳ ಅಲೆದಾಟಕ್ಕೆ ದಾರಿಯಾಗುತ್ತದೆ. ಮಕ್ಕಳ ಶಿಕ್ಷಣ ಭತ್ಯಕ್ಕೆ ಶಾಲೆಯ ಮುಖ್ಯಸ್ಥರ ಪ್ರಮಾಣ ಪತ್ರವನ್ನು ವರ್ಷ ಮುಗಿಯುತ್ತಲೇ ಪಡೆದು ಕಳಿಸಬೇಕು.

ಹೇಳಲು ಕಷ್ಟವಾದ ಮಾತು

ನಾಮಿನಿಯ ಮಾತೆತ್ತಿದರೆ ‘ಬಿಡ್ತು ಅನ್ನು’ ಎಂದು ಹಿರಿಯರು ಬಾಯಿ ಮುಚ್ಚಿಸುತ್ತಾರೆ. ಆದರೆ ಇದನ್ನು ಬಿಡುವಂತಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿತವಾಗಿ ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ನಮ್ಮ ನಾಡಿನವರು: ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ್, ಮೈಸೂರು ಜಿಲ್ಲೆ ಎಚ್.ಡಿ. ಕೋಟೆ ತಾಲ್ಲೂಕಿನ ಸಿಪಾಯಿ ಮಹೇಶ್, ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರನೆಯ ದಿನ ಹನುಮಂತಪ್ಪ ಜೀವಂತ ಸಿಕ್ಕಾಗ ನಾಡೆಲ್ಲ ಕೈಮುಗಿಯಿತು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರೂ ತೀರಿಕೊಂಡರು.

ಇಂಥ ಹೊತ್ತಿನಲ್ಲಿ ಮನೆಯವರು ದುಃಖ ತಡೆದುಕೊಳ್ಳುವುದೇ ದೊಡ್ಡದು. ಅದರ ಜೊತೆಗೆ ವಿಮೆಯಲ್ಲಿ ಯಾರ ಹೆಸರಿದೆ, ಭವಿಷ್ಯ ನಿಧಿಯಲ್ಲಿ ಯಾರ ಹೆಸರಿದೆ ಎಂಬ ಜಗಳ ಸೇರಬಾರದು. ಸೇನೆಯ ಗುಂಪು ವಿಮೆ, ಭವಿಷ್ಯ ನಿಧಿ, ಬ್ಯಾಂಕು ಇವುಗಳಲ್ಲಿನ ನಾಮನಿರ್ದೇಶನವನ್ನು ಮದುವೆಯಾದೊಡನೆ ಒಮ್ಮೆ, ಮಗು ಹುಟ್ಟಿದಾಗ ಮತ್ತೊಮ್ಮೆ ನೋಡಿ ಸರಿಪಡಿಸಬೇಕು. ತಂದೆ ತಾಯಿಗೆಷ್ಟು, ಹೆಂಡತಿ ಮಕ್ಕಳಿಗೆಷ್ಟು ಎಂಬುದನ್ನು ಯೋಧನೇ ಬದುಕಿದ್ದಾಗ, ಎಲ್ಲರೂ ಕೂತಿರುವಾಗ, ಬಾಯಿಬಿಟ್ಟು ಹೇಳಿಬಿಟ್ಟರೆ ಅತ್ತೆ ಸೊಸೆಯರ ನಡುವೆ ಅನುಮಾನಕ್ಕೆ ಎಡೆಯಿರುವುದಿಲ್ಲ.

ಜಮೀನನ್ನು ವಾರಕ್ಕೆ ಕೊಡಬಹುದೆ?

ಒಬ್ಬಳೇ ಮಾಡಲಾರೆ ಎಂದು ಗದ್ದೆಯನ್ನು ವಾರಕ್ಕೋ ಗುತ್ತಿಗೆಗೋ ಬಾಯಿ ಮಾತಿನಲ್ಲೇ ಕೊಟ್ಟುಬಿಡುವ ರೂಢಿಯಿದೆ. ಇಲ್ಲಿ ಎಚ್ಚರ ಬೇಕು. ಕರ್ನಾಟಕ ಭೂ ಸುಧಾರಣಾ ಕಾಯಿದೆಗೆ ಆದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿಗೆ ಕೊಡುವುದನ್ನೇ ನಿಷೇಧಿಸಲಾಯಿತು. ಉಳುವವನೇ ಒಡೆಯನಾದ. ಆದರೆ ಅದೇ ಕಾಯಿದೆಯ 5ನೇ ಕಲಮು ಸೈನಿಕನಿಗೆ ವಿನಾಯಿತಿ ಕೊಟ್ಟಿತು. ಸೇವೆಯಲ್ಲಿರುವಾಗ, ಇಲ್ಲವೆ ಸೇವೆಗೆ ಸೇರುವ ಮುಂಚಿನ ಮೂರು ತಿಂಗಳೊಳಗೆ ಅವನು ಕೊಟ್ಟ ಗೇಣಿಗೆ ನಿಷೇಧ ತಗಲುವುದಿಲ್ಲ. ಸ್ವಂತ ಬೇಸಾಯಕ್ಕೆಂದು ಆ ಜಮೀನನ್ನು ಹಿಂದಕ್ಕೆ ಪಡೆಯುವ ಕ್ರಮ 15ನೇ ಕಲಮಿನಲ್ಲಿದೆ. ಅದಕ್ಕೆ ನೋಟಿಸು ಕೊಡಬೇಕು, ಗೊತ್ತಾದ ಅವಧಿಯೊಳಗೆ ಕೊಡಬೇಕು. ಆದ್ದರಿಂದ ಕೊಡುವುದೇ ಆದರೆ ಬರಹದಲ್ಲಿ ಕೊಡಿ. ಯೋಧನು ಸೇವೆಯಲ್ಲಿರುವ ಬಗ್ಗೆ ಪಲ್ಟನ್ನಿನ ಪ್ರಮಾಣ ಪತ್ರದ ಪ್ರತಿಯನ್ನು ಜೊತೆಗಿಡಿ. ಜಮೀನು ಇನ್ನೂ ತಂದೆಯ ಹೆಸರಿನಲ್ಲೇ ಇದ್ದರೆ ಈ ವಿನಾಯಿತಿಯನ್ನು ನಂಬಿ ಮುಂದುವರಿಯಬೇಡಿ, ವಕೀಲರನ್ನು ಕೇಳಿ.

ಇನ್ನೊಂದು ವಿಷಯ. ಕಾಯಿದೆಯ ಪ್ರಕಾರ ಮನೆಯವರ ದುಡಿಮೆಯಿಂದ, ಇಲ್ಲವೆ ಮನೆಯವರ ಉಸ್ತುವಾರಿಯಲ್ಲಿ ಕೂಲಿ ಕೊಟ್ಟು ಮಾಡಿಸಿದ ಬೇಸಾಯವೂ ‘ಸ್ವಂತ ಬೇಸಾಯ’ವೇ. ಕೂಲಿಯನ್ನು ಹಣದಲ್ಲಾಗಲಿ ಕಾಳಿನಲ್ಲಾಗಲಿ ಕೊಡಬಹುದು. ಬೆಳೆಯ ಪಾಲಾಗಿ ಕೊಡುವಂತಿಲ್ಲ. ಅಂದರೆ ಹೆಂಡತಿ ನಿಂತು ಮಾಡಿಸಿದ ಬೇಸಾಯ ಗಂಡನ ಸ್ವಂತ ಬೇಸಾಯವೇ ಸರಿ. ವರ್ಷಕ್ಕೊಮ್ಮೆ ಪಹಣಿ ತೆಗೆಸಿ ಸಾಗುವಳಿದಾರರ ಕಲಮಿನಲ್ಲಿ ಯಾರ ಹೆಸರಿದೆ ಎಂದು ಓದಿ ನೋಡುವ ಅಭ್ಯಾಸವಿಟ್ಟುಕೊಳ್ಳಿ. ಬೇರೆಯವರ ಹೆಸರು ಕಂಡರೆ ತಡಮಾಡದೆ ಗ್ರಾಮ ಆಡಳಿತ ಅಧಿಕಾರಿಗೂ ತಹಶೀಲ್ದಾರರಿಗೂ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ದಾಯಾದಿಗಳು ಬದುವಿನ ತಕರಾರು ತೆಗೆದು ಕೋರ್ಟಿಗೆ ಹೋದರೆ? ಗಂಡ ಬರಲಾರ ಎಂದು ಧೈರ್ಯಗೆಡಬೇಕಾಗಿಲ್ಲ. 1925ರ ಭಾರತೀಯ ಸೈನಿಕರ ದಾವೆ ಕಾಯಿದೆ ಇರುವುದೇ ಇದಕ್ಕಾಗಿ. ಯುದ್ಧದ ಅಥವಾ ರಜೆ ಸಿಗದಂಥ ವಿಶೇಷ ಪರಿಸ್ಥಿತಿಯಲ್ಲಿ ಸೇವೆ ಮಾಡುತ್ತಿರುವ ಸೈನಿಕ ಹಾಜರಾಗಲಾರ ಎಂದು ಜಿಲ್ಲಾಧಿಕಾರಿಗಳು ಕೋರ್ಟಿಗೆ ಪ್ರಮಾಣೀಕರಿಸಬಹುದು; ಕೋರ್ಟು ವಿಚಾರಣೆಯನ್ನು ತಡೆದು ನಿಲ್ಲಿಸಬಹುದು. ಅವನ ಗೈರುಹಾಜರಿಯಲ್ಲಿ ಆದ ತೀರ್ಪನ್ನು ರದ್ದುಪಡಿಸಿಕೊಳ್ಳಲೂ ಅದರಲ್ಲಿ ಅವಕಾಶವಿದೆ. ಸಮನ್ಸು ಬಂದರೆ ಬಚ್ಚಿಡಬೇಡಿ. ಮೈಸೂರಿನಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ ತೋರಿಸಿ. ನಿವೃತ್ತರಿಗಷ್ಟೇ ಆ ಕಚೇರಿ ಎಂಬ ಭಾವನೆ ತಪ್ಪು. ಸೇವೆಯಲ್ಲಿರುವವರ ಮನೆಯವರ ತೊಂದರೆಯನ್ನು ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸುವುದೂ ಅವರ ಕೆಲಸವೇ.

ಬೇಸಾಯವನ್ನು ಕೈಯಳತೆಗೆ ತರುವುದು

ಇಬ್ಬರು ಮಾಡುತ್ತಿದ್ದ ಬೇಸಾಯವನ್ನು ಒಬ್ಬಳೇ ಅದೇ ಅಳತೆಯಲ್ಲಿ ಮಾಡಹೋದರೆ ಮೈಯೂ ಕೆಡುತ್ತದೆ, ಬೆಳೆಯೂ ಕೆಡುತ್ತದೆ. ಬೆಳೆ ಆರಿಸುವಾಗ ‘ಯಾವುದಕ್ಕೆ ಬೆಲೆ ಹೆಚ್ಚು’ ಎನ್ನುವುದರ ಜೊತೆಗೆ ‘ಯಾವುದು ಒಂದೆರಡು ದಿನ ತಡವಾದರೆ ಕಾಯುತ್ತದೆ’ ಎಂದೂ ಕೇಳಿಕೊಳ್ಳಬೇಕು. ಖುಷ್ಕಿಗೆ ರಾಗಿ ನಂಬಿಕೆಯ ಬೆಳೆ. ಬೆಂಕಿರೋಗವನ್ನು ತಡೆದುಕೊಳ್ಳುವ ಜಿ.ಪಿ.ಯು-28ರಂಥ ತಳಿ ಹಾಕಿದರೆ ಔಷಧಿ ಹೊಡೆಯುವ ಆಳು ಹುಡುಕುವ ಕಷ್ಟ ಕಡಿಮೆ. ಸಾಲಿನಲ್ಲಿ ಬಿತ್ತಿದರೆ ಎಡೆಕುಂಟೆ ಆಡಿಸಬಹುದು, ಕಳೆ ಕೂಲಿ ಉಳಿಯುತ್ತದೆ.

ರೇಷ್ಮೆ ಒಳ್ಳೆಯ ಹಣ ತರುತ್ತದೆ, ನಿಜ. ಆದರೆ ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನ ಹುಳು ಹಗಲಿರುಳು ಸೊಪ್ಪು ಬೇಡುತ್ತದೆ. ಮಗುವಿಗೆ ಜ್ವರ ಬಂದರೂ ಅದು ಕಾಯುವುದಿಲ್ಲ. ಜೊತೆಗೆ ಆಳಿಲ್ಲದಿದ್ದರೆ ಮೊಟ್ಟೆಯನ್ನು ಅರ್ಧಕ್ಕೆ ಇಳಿಸುವುದು ಲೇಸು. ಹಸು ಎರಡಿದ್ದರೆ ಸಾಕು. ಹಾಲಿನ ಡೇರಿಯ ಸದಸ್ಯತ್ವವನ್ನು ಆಕೆಯ ಹೆಸರಿಗೇ ಮಾಡಿಸಿ. ಸಂಬಳದ ಹಣ ತಡವಾದಾಗ ಸಂತೆ ಸಾಮಾನಿಗೆ ಆಗುವುದು ಈ ಬಟವಾಡೆಯೇ.

ಗದ್ದೆಯ ನಾಟಿಗೂ ಕುಯ್ಲಿಗೂ ಗಂಡಾಳು ಬೇಕೇ ಬೇಕು. ಇಲ್ಲಿ ನಮ್ಮ ಹಳೆಯ ಮುಯ್ಯಾಳಿನ ಪದ್ಧತಿಯನ್ನು ಕಡೆಗಣಿಸಬಾರದು. ಆಕೆ ನಾಲ್ಕು ಮನೆಯ ನಾಟಿಗೆ ಹೋದರೆ ಆ ನಾಲ್ಕು ಮನೆಯವರು ಆಕೆಯ ಗದ್ದೆಗೆ ಬರುತ್ತಾರೆ. ಇನ್ನು ಗಂಡನ ರಜೆ. ಸಾಧ್ಯವಾದರೆ 60 ದಿನವನ್ನು ಎರಡು ಭಾಗ ಮಾಡಿ, ಒಂದನ್ನು ನಾಟಿಯ ಕಾಲಕ್ಕೆ, ಇನ್ನೊಂದನ್ನು ಒಕ್ಕಣೆಯ ಕಾಲಕ್ಕೆ ಬರುವಂತೆ ಮುಂಚೆಯೇ ಕೇಳಿಕೊಳ್ಳಬೇಕು. ಆದರೆ ಅದನ್ನೇ ನಂಬಿ ಕೂರಬಾರದು. 1999ರ ಕಾರ್ಗಿಲ್ ಯುದ್ಧದ ಕಾಲದಲ್ಲಿ ರಜೆಯಲ್ಲಿ ಬಂದವರನ್ನೂ ಅರ್ಧಕ್ಕೇ ಕರೆಸಿಕೊಂಡರು. ಬಂದರೆ ಲಾಭ, ಬಾರದಿದ್ದರೂ ಕೆಲಸ ನಿಲ್ಲದು ಎನ್ನುವಂತೆ ಏರ್ಪಾಡಿರಲಿ.

ಊರೋ, ಚಾಮರಾಜಪುರಂನ ಬಾಡಿಗೆ ಮನೆಯೋ?

ಮಕ್ಕಳ ಓದಿಗೆಂದು ಮೈಸೂರಿನಲ್ಲಿ ಮನೆ ಮಾಡುವ ಯೋಧರ ಮನೆಯವರು ಹಲವರು. ರೈಲಿಗೆ ಹತ್ತಿರವೆಂದು ಚಾಮರಾಜಪುರಂ, ಅಶೋಕಪುರಂ ಕಡೆ ಹುಡುಕುತ್ತಾರೆ. ಬೆಳಗಿನ ರೈಲು ಹಿಡಿದು ಹೊಲ ನೋಡಿ ಸಂಜೆಗೆ ಮರಳಬಹುದು ಎಂಬುದು ಲೆಕ್ಕ. ಮಕ್ಕಳು ಪ್ರೌಢಶಾಲೆಗೆ ಬಂದಿದ್ದರೆ, ಊರಿನಲ್ಲಿ ಅತ್ತೆ ಮಾವ ಗಟ್ಟಿಮುಟ್ಟಾಗಿದ್ದರೆ ಇದು ಸರಿಹೋದೀತು. ಆದರೆ ಬಾಡಿಗೆ, ಮುಂಗಡ, ಹಾಲು, ಸೌದೆಯ ಬದಲು ಗ್ಯಾಸು ಎಂದು ಊರಿನಲ್ಲಿ ಕೈಯಿಂದ ಬಿಡದ ಖರ್ಚುಗಳೆಲ್ಲ ಇಲ್ಲಿ ಹಣವಾಗಿ ಹೋಗುತ್ತವೆ. ಹಸು ಮಾರಬೇಕಾಗುತ್ತದೆ. ಮುಖ್ಯವಾಗಿ, ಕಷ್ಟಕಾಲದಲ್ಲಿ ಕರೆದರೆ ಓಡಿಬರುವ ನೆರೆಯವರು ಪಟ್ಟಣದಲ್ಲಿ ಆಗಬೇಕಾದರೆ ಒಂದೆರಡು ವರ್ಷ ಬೇಕು. ಮಕ್ಕಳು ಚಿಕ್ಕವರಿದ್ದಾಗ ಊರೇ ಲೇಸು. ಹೋಗುವುದಾದರೂ ಒಂದು ವರ್ಷದ ಖರ್ಚನ್ನು ಕಾಗದದ ಮೇಲೆ ಬರೆದು ನೋಡಿ ಹೋಗಿ.

ಮನಸ್ಸಿನ ಭಾರ

ಹೊಲದ ಕೆಲಸವೆಲ್ಲ ಮುಗಿದು ದೀಪ ಆರಿಸಿದ ಮೇಲೆ ಬರುವ ಯೋಚನೆಗಳಿಗೆ ಪಹಣಿಯಿಲ್ಲ, ರಸೀತಿಯಿಲ್ಲ. ಗಡಿಯಲ್ಲಿ ಗಲಾಟೆ ಎಂದು ಟೀವಿಯಲ್ಲಿ ಬಂದರೆ ಆ ರಾತ್ರಿ ನಿದ್ದೆಯಿಲ್ಲ. ಇದಕ್ಕೆ ಅನುಭವಸ್ಥರು ಕಂಡುಕೊಂಡ ದಾರಿ ಸರಳ: ದಿನಕ್ಕೊಮ್ಮೆ ಸುದ್ದಿ ಕೇಳಿ ಪೆಟ್ಟಿಗೆ ಆರಿಸಿಬಿಡುವುದು, ಮೊಬೈಲಿನಲ್ಲಿ ಹರಿದಾಡುವ ಸುದ್ದಿಯನ್ನು ನಂಬದಿರುವುದು, ಪಲ್ಟನ್ನಿನ ಒಂದು ನಂಬರನ್ನು ಬರೆದಿಟ್ಟುಕೊಂಡಿರುವುದು. ಗಂಡ ಎಲ್ಲಿದ್ದಾನೆ, ಯಾವಾಗ ಎಲ್ಲಿಗೆ ಹೊರಡುತ್ತಾನೆ ಎಂಬುದನ್ನು ಫೋನು ಮಾಡಿದ ಅಪರಿಚಿತರಿಗೂ ಹೇಳಬಾರದು, ಬಸ್ಸಿನಲ್ಲಿ ಸಿಕ್ಕವರಿಗೂ ಹೇಳಬಾರದು. ವಿಳಾಸ ಕೇಳಿದರೆ ‘56 ಎ.ಪಿ.ಒ.’ ಅಥವಾ ‘99 ಎ.ಪಿ.ಒ.’ ಎಂದಷ್ಟೇ ಬರೆಯುವ ಸೈನ್ಯದ ರೂಢಿ ಸುಮ್ಮನೆ ಬಂದದ್ದಲ್ಲ.

ಫೋನಿದ್ದರೂ ತಿಂಗಳಿಗೊಂದು ಕಾಗದ ಬರೆಯಿರಿ. ಮಕ್ಕಳ ಕೈಯಲ್ಲೂ ನಾಲ್ಕು ಸಾಲು ಬರೆಸಿ. ಸಿಗ್ನಲ್ ಇಲ್ಲದ ಕಡೆಯೂ ಕಾಗದವನ್ನು ಹತ್ತು ಸಲ ಓದಬಹುದು. ಮನೆಯ ತೊಂದರೆಯನ್ನು ಮುಚ್ಚಿಡುವುದೂ ಬೇಡ, ಅವನಿಂದ ಆಗದ್ದನ್ನು ಹೇಳಿ ಅಲ್ಲಿ ಅವನ ಮನಸ್ಸು ಕೆಡಿಸುವುದೂ ಬೇಡ. ‘ಹೀಗಾಯಿತು, ಹೀಗೆ ಮಾಡಿದೆ’ ಎಂದು ಮುಗಿದ ಮೇಲೆ ತಿಳಿಸಿದರೆ ಅವನಿಗೂ ಧೈರ್ಯ.

ರಜೆಗೆ ಬಂದವನಿಗೂ ಒಂದು ಮಾತು. ನೀವು ಇಲ್ಲದಾಗ ಮನೆ ನಡೆಸಿದವಳು ತನ್ನದೇ ಕ್ರಮ ಮಾಡಿಕೊಂಡಿರುತ್ತಾಳೆ. ಬಂದ ದಿನವೇ ‘ಇದನ್ನೇಕೆ ಇಲ್ಲಿ ಹಾಕಿದೆ, ಅವನಿಗೇಕೆ ಕೂಲಿ ಹೆಚ್ಚು ಕೊಟ್ಟೆ’ ಎಂದು ಲೆಕ್ಕ ಕೇಳಬೇಡಿ. ಚಿಕ್ಕ ಮಗು ನಿಮ್ಮನ್ನು ಕಂಡು ಅಮ್ಮನ ಸೆರಗಿನ ಹಿಂದೆ ಅವಿತರೆ ಬೇಸರಪಡಬೇಡಿ. ಎರಡು ದಿನ ಹೊಲಕ್ಕೆ ಹೆಗಲ ಮೇಲೆ ಹೊತ್ತುಕೊಂಡು ಹೋಗಿ, ಮೂರನೆಯ ದಿನ ಅದು ನಿಮ್ಮನ್ನು ಬಿಡುವುದಿಲ್ಲ.

ಊರಿನವರ ಪಾಲು

ವಾಚನಾಲಯದಲ್ಲಿ ಕೂತು ಈ ಪುಟ ಓದುವವರಲ್ಲಿ ಹೆಚ್ಚಿನವರು ಗಂಡಸರು. ಅವರಲ್ಲಿ ಒಂದು ವಿನಂತಿ. ನಾಲೆಯ ನೀರಿನ ಸರದಿ ನಡುರಾತ್ರಿ ಬಂದರೆ, ನಿಮ್ಮ ಗದ್ದೆಯ ಪಕ್ಕದಲ್ಲೇ ಇರುವ ಯೋಧನ ಗದ್ದೆಗೂ ಮಡೆ ತಿರುಗಿಸಿ ಬನ್ನಿ. ನೀರುಗಂಟಿಗೆ ‘ಆ ಹೆಣ್ಣುಮಗಳ ಸರದಿ ತಪ್ಪಿಸಬೇಡ’ ಎಂದು ಒಂದು ಮಾತು ಹೇಳಿ. ಟ್ರ್ಯಾಕ್ಟರಿನವನ ಜೊತೆ, ಗೊಬ್ಬರದ ಅಂಗಡಿಯವನ ಜೊತೆ ಆಕೆ ವ್ಯವಹಾರ ಮಾಡಿದರೆ ಅದು ಬೇಸಾಯ. ಅದಕ್ಕೆ ಬಾಲ ಕಟ್ಟಿ ಕಟ್ಟೆಯ ಮೇಲೆ ಮಾತಾಡಬೇಡಿ. ಸೊಸೈಟಿಯ ನಿರ್ದೇಶಕರಾಗಿದ್ದರೆ, ಆಕೆ ತಂದ ಅಧಿಕಾರ ಪತ್ರವನ್ನು ಓದಿ ನೋಡಿ. ‘ಗಂಡನನ್ನು ಕರೆದುಕೊಂಡು ಬಾ’ ಎಂದು ವಾಪಸ್ಸು ಕಳಿಸುವುದು ಸುಲಭ, ಆದರೆ ಆ ಗಂಡ ನಮ್ಮೆಲ್ಲರ ಪರವಾಗಿ ಬೇರೆ ಕಡೆ ನಿಂತಿದ್ದಾನೆ.

2022ರಲ್ಲಿ ಅಗ್ನಿಪಥ ಬರುವ ಮುಂಚೆ ಸೇರಿದ ಜವಾನನಿಗೆ 15 ವರ್ಷದ ಸೇವೆ ತುಂಬಿದರೆ ಪಿಂಚಣಿಯುಂಟು. ಅವನು ಇನ್ನೂ ದುಡಿಯುವ ವಯಸ್ಸಿನಲ್ಲೇ ಊರಿಗೆ ಮರಳುತ್ತಾನೆ. ಆ ದಿನ ಅವನಿಗೆ ಬೀಳು ಬಿದ್ದ ಹೊಲ ಸಿಗಬೇಕೋ, ಉತ್ತು ಹದವಾದ ಹೊಲ ಸಿಗಬೇಕೋ ಎಂಬುದು ಇಂದು ಮನೆಯಲ್ಲಿರುವವಳ ಕೈಯಲ್ಲಿದೆ. ಆ ಕೈಗೆ ಕೆಲಸವನ್ನು ಕೊಟ್ಟಾಗಿದೆ. ರುಜು ಹಾಕುವ ಅಧಿಕಾರವನ್ನೂ ಕೊಟ್ಟುಬಿಡಿ. ಮುಂದಿನ ರಜೆಯಲ್ಲಿ ಮೊದಲ ವಾರವೇ ಇಬ್ಬರೂ ಒಟ್ಟಿಗೆ ಆ ರೈಲು ಹತ್ತಿ ಚಾಮರಾಜಪುರಂನಲ್ಲಿ ಇಳಿಯಿರಿ. ಆಮೇಲೆ ಆಕೆ ಒಬ್ಬಳೇ ಬಂದರೂ ಕೆಲಸ ಆಗಿಯೇ ಹೋಗುತ್ತದೆ.